ಒಂದೇ ಚಿಪ್, ಎರಡು ಬಗೆಯ ಕೋರ್: ಕರ್ನಲ್ ಕೊಟ್ಟ ಮಾತಿನ ಚರಿತ್ರೆ

2018ರ ಮಾರ್ಚ್‌ನಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್9 ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಮಾರಿದ ಫೋನುಗಳಲ್ಲಿ ಕ್ವಾಲ್‌ಕಾಮ್ ಚಿಪ್ ಇತ್ತು. ಭಾರತಕ್ಕೂ ಯುರೋಪಿಗೂ ಬಂದದ್ದು ಸ್ಯಾಮ್‌ಸಂಗ್‌ನದೇ ಎಕ್ಸಿನೋಸ್ 9810. ಈ ಚಿಪ್‌ನಲ್ಲಿ ಎಂಟು ಕೋರ್‌ಗಳು: ಭಾರದ ಕೆಲಸಕ್ಕೆ ಸ್ಯಾಮ್‌ಸಂಗ್ ತಾನೇ ವಿನ್ಯಾಸ ಮಾಡಿದ ನಾಲ್ಕು ಎಂ3 ಕೋರ್, ಹಗುರ ಕೆಲಸಕ್ಕೆ ಆರ್ಮ್ ಕಂಪನಿಯ ನಾಲ್ಕು ಕಾರ್ಟೆಕ್ಸ್-ಎ55. ಅದೇ ವರ್ಷ ಗೋ ಭಾಷೆಯಲ್ಲಿ ಆ್ಯಪ್ ಬರೆಯುತ್ತಿದ್ದವರಿಗೆ ವಿಚಿತ್ರ ದೂರುಗಳು ಬರತೊಡಗಿದವು. ಈ ಫೋನಿನಲ್ಲಿ ಆ್ಯಪ್ ಒಮ್ಮೆ ಸರಿಯಾಗಿ ಓಡುತ್ತದೆ, ಇನ್ನೊಮ್ಮೆ ಥಟ್ಟನೆ ಸಾಯುತ್ತದೆ. ಸಾಯುವಾಗ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಹೇಳುವ ಕಾರಣ: ಪ್ರೊಸೆಸರ್‌ಗೆ ಗೊತ್ತಿಲ್ಲದ ಆದೇಶ.

ಹುಡುಕಿದಾಗ ಸಿಕ್ಕ ಸಂಗತಿ ಇದು. ಚಿಕ್ಕ ಎ55 ಕೋರ್ ಆರ್ಮ್‌ನ 8.2ನೆಯ ಆವೃತ್ತಿಯದು, ಹಲವು ಕೋರ್‌ಗಳು ಒಂದೇ ಮೆಮೊರಿ ಜಾಗವನ್ನು ಗೊಂದಲವಿಲ್ಲದೆ ಬದಲಿಸಲು ಬೇಕಾದ ಹೊಸ ‘ಅಟಾಮಿಕ್’ ಆದೇಶಗಳು ಅದಕ್ಕೆ ಗೊತ್ತು. ದೊಡ್ಡ ಎಂ3 ಕೋರ್‌ಗೆ ಬಲ ಹೆಚ್ಚು, ಆದರೆ ಆ ಆದೇಶಗಳ ಪರಿಚಯವಿಲ್ಲ. ಆ ಫೋನಿನ ಕರ್ನಲ್ ಮಾತ್ರ ಕೇಳಿದ ಪ್ರತಿಯೊಂದು ತಂತ್ರಾಂಶಕ್ಕೂ ‘ಅಟಾಮಿಕ್ ಆದೇಶಗಳು ಇವೆ’ ಎಂದೇ ಹೇಳುತ್ತಿತ್ತು. ಗೋ ಅದನ್ನು ನಂಬಿತು. ಚಿಕ್ಕ ಕೋರ್ ಮೇಲೆ ಇದ್ದಷ್ಟು ಹೊತ್ತು ಎಲ್ಲವೂ ನೆಟ್ಟಗೆ. ಕೆಲಸ ಹೆಚ್ಚಾಗಿ ದೊಡ್ಡ ಕೋರ್‌ಗೆ ಜಿಗಿದ ಕ್ಷಣವೇ ಅಂತ್ಯ. ಗೋ ಬಳಗದವರು ಕೊನೆಗೆ ಮಾಡಿದ್ದು ಒರಟು ಪರಿಹಾರ: ಆಂಡ್ರಾಯ್ಡ್‌ನಲ್ಲಿ ಈ ಆದೇಶಗಳನ್ನು ಬಳಸುವುದನ್ನೇ ನಿಲ್ಲಿಸಿಬಿಟ್ಟರು. ಒಂದು ಚಿಪ್‌ನ ಕರ್ನಲ್ ಆಡಿದ ತಪ್ಪು ಮಾತಿಗೆ, ಆ ಆದೇಶಗಳನ್ನು ನೆಟ್ಟಗೆ ಬಲ್ಲ ಉಳಿದ ಫೋನುಗಳೂ ದಂಡ ತೆತ್ತವು.

‘ನನ್ನ ಕೆಳಗಿರುವ ಯಂತ್ರಕ್ಕೆ ಏನೇನು ಬರುತ್ತದೆ’ ಎಂದು ತಂತ್ರಾಂಶ ಕೇಳುವುದು ಹಳೆಯ ರೂಢಿ. 1980ರಲ್ಲಿ ಇಂಟೆಲ್ 8087 ಎಂಬ ಗಣಿತದ ಸಹ-ಪ್ರೊಸೆಸರ್ ತಂದಾಗ, ಅದು ಬೋರ್ಡಿನಲ್ಲಿ ಕೂತಿದೆಯೋ ಇಲ್ಲವೋ ಎಂದು ತಂತ್ರಾಂಶವೇ ತಡಕಾಡಿ ನೋಡಬೇಕಿತ್ತು. 286, 386, 486 ಇವುಗಳಲ್ಲಿ ಯಾವುದರ ಮೇಲೆ ಓಡುತ್ತಿದ್ದೇವೆಂದು ತಿಳಿಯಲು ಫ್ಲ್ಯಾಗ್ ರಿಜಿಸ್ಟರಿನ ಕೆಲವು ಬಿಟ್‌ಗಳನ್ನು ಬದಲಿಸಿ, ಬದಲಾವಣೆ ಉಳಿಯಿತೇ ಎಂದು ಪರೀಕ್ಷಿಸುವ ಉಪಾಯಗಳು ಆ ಕಾಲದ ಪ್ರೋಗ್ರಾಮರ್‌ಗಳಿಗೆ ಬಾಯಿಪಾಠವಾಗಿದ್ದವು. 1993ರ ಪೆಂಟಿಯಂ ಜತೆ ‘ಸಿಪಿಯುಐಡಿ’ ಎಂಬ ಆದೇಶ ಎಲ್ಲರ ಬಳಕೆಗೆ ಬಂತು; ಕೇಳಿದರೆ ಪ್ರೊಸೆಸರ್ ತನ್ನ ಹೆಸರು, ಕುಲ, ಬಲ್ಲ ವಿದ್ಯೆಗಳನ್ನು ತಾನೇ ಒಪ್ಪಿಸುತ್ತದೆ. ಕಂಪ್ಯೂಟರಿಗೆ ಒಂದೇ ಪ್ರೊಸೆಸರ್ ಇದ್ದ ಕಾಲ ಅದು. ಒಮ್ಮೆ ಕೇಳಿದ ಉತ್ತರ ಸ್ವಿಚ್ ಆರಿಸುವ ತನಕ ನಿಜವಾಗಿರುತ್ತಿತ್ತು.

1996ರಲ್ಲಿ, ಇಂದು ಆಂಡ್ರಾಯ್ಡ್‌ನ ಒಳಗೂ ಇರುವ ಲಿನಕ್ಸ್ ಕರ್ನಲ್‌ನ 2.0 ಆವೃತ್ತಿ ಒಂದಕ್ಕಿಂತ ಹೆಚ್ಚು ಪ್ರೊಸೆಸರ್‌ಗಳನ್ನು ನಿಭಾಯಿಸಲು ಕಲಿತಾಗಲೂ ಬೋರ್ಡಿನ ಎರಡೂ ಪ್ರೊಸೆಸರ್‌ಗಳು ಒಂದೇ ಜಾತಿಯವು ಎಂಬ ಊಹೆ ಇತ್ತು. ಆದರೂ ಮುಂದೆ ಇಂಟೆಲ್ ಕುಲದ, ಅಂದರೆ ಎಕ್ಸ್86, ಪ್ರೊಸೆಸರ್‌ಗಳಿಗೆ ಕರ್ನಲ್ ಬರೆದವರು ಒಂದು ಎಚ್ಚರಿಕೆ ವಹಿಸಿದರು: ಪ್ರತಿ ಪ್ರೊಸೆಸರ್‌ನ ಗುಣಪಟ್ಟಿಯನ್ನು ಓದಿ, ಎಲ್ಲದರಲ್ಲೂ ಇರುವುದನ್ನು ಮಾತ್ರ ಉಳಿಸಿಕೊಂಡು ಮಿಕ್ಕಿದ್ದನ್ನು ಪಟ್ಟಿಯಿಂದ ಕೈಬಿಡುವುದು. ಮುಂದಿನ ಇಡೀ ಚರ್ಚೆಯ ಬೀಜ ಈ ಸಣ್ಣ ಲೆಕ್ಕದಲ್ಲಿದೆ.

ಅಷ್ಟರಲ್ಲಿ ಕರ್ನಲ್‌ನ ಪಾತ್ರವೂ ಬದಲಾಗಿತ್ತು. ಒಂದೇ ಏಟಿಗೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ವೆಕ್ಟರ್ ಆದೇಶಗಳು, 1999ರಲ್ಲಿ ಎಸ್‌ಎಸ್‌ಇ, 2011ರಲ್ಲಿ ಎವಿಎಕ್ಸ್ ಎಂಬ ಹೆಸರಿನಲ್ಲಿ ಬಂದಾಗ ಪ್ರೊಸೆಸರ್‌ಗೆ ಹೊಸ ಹೊಸ ಅಗಲದ ರಿಜಿಸ್ಟರ್‌ಗಳು ಸೇರಿದವು. ಕರ್ನಲ್ ಒಂದು ಕೆಲಸವನ್ನು ನಿಲ್ಲಿಸಿ ಇನ್ನೊಂದನ್ನು ಕೂರಿಸುವಾಗ ಆ ರಿಜಿಸ್ಟರ್‌ಗಳಲ್ಲಿರುವುದನ್ನು ಎತ್ತಿಟ್ಟು, ಮತ್ತೆ ತುಂಬಬೇಕು. ಹಳೆಯ ಕರ್ನಲ್‌ಗೆ ಆ ರಿಜಿಸ್ಟರ್ ಇರುವುದೇ ಗೊತ್ತಿಲ್ಲದಿದ್ದರೆ ಒಬ್ಬರ ಲೆಕ್ಕ ಇನ್ನೊಬ್ಬರ ಪಾಲಾಗುತ್ತದೆ. ಹಾಗಾಗಿ ಪ್ರೊಸೆಸರ್‌ಗೆ ವಿದ್ಯೆ ಇದ್ದರೆ ಸಾಲದು, ಕರ್ನಲ್ ಅನುಮತಿಯೂ ಬೇಕು ಎಂದಾಯಿತು. ಆರ್ಮ್‌ನಲ್ಲಿ ಇದು ಇನ್ನೂ ಕಟ್ಟುನಿಟ್ಟು. ಅಲ್ಲಿ ಪ್ರೊಸೆಸರ್‌ನ ಗುರುತಿನ ರಿಜಿಸ್ಟರ್‌ಗಳನ್ನು ಸಾಮಾನ್ಯ ತಂತ್ರಾಂಶ ಓದುವಂತೆಯೇ ಇರಲಿಲ್ಲ, ಕೇಳಬೇಕಾದದ್ದು ಕರ್ನಲ್‌ನನ್ನೇ. ತಂತ್ರಾಂಶವೊಂದು ಶುರುವಾಗುವಾಗ ಕರ್ನಲ್ ಅದರ ಕೈಗೆ ‘ಎಚ್‌ಡಬ್ಲ್ಯುಕ್ಯಾಪ್’ ಎಂಬ ಸಂಖ್ಯೆಯನ್ನು ಇಡುತ್ತದೆ. ಅದರ ಒಂದೊಂದು ಬಿಟ್ ಒಂದೊಂದು ವಿದ್ಯೆಗೆ. 2012ರಲ್ಲಿ, ಲಿನಕ್ಸ್ ತಂತ್ರಾಂಶಗಳು ಬಳಸುವ ಮೂಲ ಫಂಕ್ಷನ್‌ಗಳ ಸಂಗ್ರಹವಾದ ಜಿಲಿಬ್‌ಸಿಯ 2.16 ಆವೃತ್ತಿಯಿಂದ ಅದನ್ನು ಓದಲು ಸರಳ ಫಂಕ್ಷನ್ ಕೂಡ ಬಂತು. ಈ ಸಂಖ್ಯೆಯನ್ನು ಕೊಡುವುದು ಒಮ್ಮೆ ಮಾತ್ರ, ಹುಟ್ಟುವಾಗ. ತಂತ್ರಾಂಶ ಬದುಕಿರುವಷ್ಟು ಕಾಲ, ಅದನ್ನು ಯಾವ ಕೋರ್‌ಗೆ ಎತ್ತಿ ಹಾಕಿದರೂ ಆ ಮಾತು ನಡೆಯಬೇಕು.

2011ರ ಅಕ್ಟೋಬರ್ 19ರಂದು ಆರ್ಮ್ ಕಂಪನಿ ‘ಬಿಗ್.ಲಿಟಲ್’ ಯೋಜನೆಯನ್ನು ಪ್ರಕಟಿಸಿತು. ಬಲವಾದ ಕಾರ್ಟೆಕ್ಸ್-ಎ15 ಜತೆಗೆ ಬ್ಯಾಟರಿ ಉಳಿಸುವ ಕಾರ್ಟೆಕ್ಸ್-ಎ7. ಎರಡಕ್ಕೂ ವೇಗ ಬೇರೆ, ವಿದ್ಯುತ್ ಖರ್ಚು ಬೇರೆ, ಆದರೆ ಆದೇಶಗಳ ಪಟ್ಟಿ ಒಂದೇ ಎಂಬುದು ಆ ಯೋಜನೆಯ ಅಡಿಪಾಯ. 2013ರ ಗ್ಯಾಲಕ್ಸಿ ಎಸ್4ನ ಕೆಲವು ಮಾದರಿಗಳಲ್ಲಿ ಇದು ಜನರ ಕೈಗೆ ಬಂತು. ಯಾವ ಕೆಲಸವನ್ನು ಯಾವ ಕೋರ್‌ಗೆ ಹಾಕಿದರೆ ಬ್ಯಾಟರಿ ಉಳಿಯುತ್ತದೆ ಎಂಬ ಲೆಕ್ಕವನ್ನು ಮೂಲ ಲಿನಕ್ಸ್‌ಗೆ ಸೇರಿಸಲು 2019ರ 5.0 ಆವೃತ್ತಿಯವರೆಗೆ ಹಿಡಿಯಿತು. ಅದು ಬೇರೆಯೇ ಚರಿತ್ರೆ. ಆದೇಶಗಳ ಪಟ್ಟಿ ಒಂದೇ ಆಗಿರುವಷ್ಟು ಕಾಲ ತಂತ್ರಾಂಶ ಬರೆಯುವವರು ಇದ್ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ.

ಮೊದಲ ಬಿರುಕು ಕಂಡದ್ದು ಆದೇಶಗಳಲ್ಲಿ ಅಲ್ಲ, ಯಾರೂ ಲೆಕ್ಕಕ್ಕಿಟ್ಟಿರದ ಒಂದು ಅಳತೆಯಲ್ಲಿ. 2016ರಲ್ಲಿ ಮೋನೋ ಎಂಬ ತಂತ್ರಾಂಶದ ಬಳಗಕ್ಕೆ ಒಂದು ಕಾಟ ಶುರುವಾಯಿತು. ಮೋನೋ, ಸಿ ಶಾರ್ಪ್ ಭಾಷೆಯ ಪ್ರೋಗ್ರಾಮ್‌ಗಳನ್ನು ಓಡುವಾಗಲೇ ಯಂತ್ರಭಾಷೆಗೆ ಇಳಿಸುತ್ತದೆ. ಹಾಗೆ ಹೊಸ ಆದೇಶಗಳನ್ನು ಮೆಮೊರಿಯಲ್ಲಿ ಬರೆದ ಮೇಲೆ, ಪ್ರೊಸೆಸರ್‌ನ ಒಳಗಿನ ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಉಳಿದ ಹಳೆಯದನ್ನು ಸಾಲು ಸಾಲಾಗಿ ಅಳಿಸಬೇಕು. ಸಾಲಿನ ಉದ್ದ ಎಷ್ಟು ಎಂದು ಪ್ರೊಸೆಸರ್‌ನನ್ನು ಕೇಳಿ, ಅಷ್ಟಷ್ಟೇ ಹೆಜ್ಜೆ ಹಾಕುತ್ತಾ ಹೋಗುವುದು ಕ್ರಮ. ಈ ಕೆಲಸಕ್ಕೆ ಜಿಸಿಸಿ ಕಂಪೈಲರ್ ಕೊಡುವ ಫಂಕ್ಷನ್ ಆ ಉದ್ದವನ್ನು ಒಮ್ಮೆ ಮಾತ್ರ ಕೇಳಿ ನೆನಪಿಟ್ಟುಕೊಳ್ಳುತ್ತಿತ್ತು. ಎಲ್ಲ ಕೋರ್‌ಗಳಲ್ಲೂ ಅದು ಒಂದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಗ್ಯಾಲಕ್ಸಿ ಎಸ್7ನ ಎಕ್ಸಿನೋಸ್ 8890 ಚಿಪ್‌ನಲ್ಲಿ ಅದು ಒಂದೇ ಆಗಿರಲಿಲ್ಲ. ದೊಡ್ಡ ಎಂ1 ಕೋರ್‌ನಲ್ಲಿ ಕ್ಯಾಶ್ ಸಾಲು 128 ಬೈಟ್, ಚಿಕ್ಕ ಎ53ರಲ್ಲಿ 64. ಮೊದಲ ಪ್ರಶ್ನೆ ದೊಡ್ಡ ಕೋರ್ ಮೇಲೆ ಇದ್ದಾಗ ಕೇಳಿದರೆ 128 ಎಂಬ ಉತ್ತರ ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ತಂತ್ರಾಂಶ ಚಿಕ್ಕ ಕೋರ್‌ಗೆ ಬಂದು ಅದೇ ಹೆಜ್ಜೆ ಹಾಕಿದರೆ ಒಂದು ಬಿಟ್ಟು ಒಂದು ಸಾಲು ಅಳಿಯದೆ ಉಳಿಯುತ್ತದೆ. ಅಲ್ಲಿ ಬಿದ್ದಿರುವ ಹಳೆಯ ಕಸವನ್ನೇ ಆದೇಶವೆಂದು ಓದಿ ಪ್ರೊಸೆಸರ್ ಮುಗ್ಗರಿಸುತ್ತದೆ. ಹುಡುಕಿದವರಿಗೆ ಸುಳಿವು ಸಿಕ್ಕಿದ್ದು ಆ್ಯಪ್ ಸತ್ತ ವಿಳಾಸಗಳ ಪಟ್ಟಿಯಿಂದ: ಅವೆಲ್ಲ ಪ್ರತಿ 128 ಬೈಟ್‌ಗಳ ಎರಡನೆಯ ಅರ್ಧದಲ್ಲೇ ಬೀಳುತ್ತಿದ್ದವು. ಸತ್ತ ಸ್ಥಳದ ಮೆಮೊರಿ ತೆರೆದು ನೋಡಿದರೆ ಅಲ್ಲಿ ಸರಿಯಾದ ಆದೇಶವೇ ಕಾಣುತ್ತಿತ್ತು. ತಪ್ಪು ಇದ್ದದ್ದು ಕಣ್ಣಿಗೆ ಕಾಣದ ಕ್ಯಾಶ್‌ನಲ್ಲಿ. ತಂತ್ರಾಂಶ ಲೋಕದ ಪತ್ತೇದಾರಿ ಕೆಲಸಗಳಲ್ಲಿ ಇದನ್ನು ಮೊದಲ ಸಾಲಿನಲ್ಲಿ ಇಡಬೇಕೆಂದು ನನಗೆ ಅನಿಸುತ್ತದೆ.

ಮೋನೋದವರು ತಮ್ಮ ಮಟ್ಟಿಗೆ, ಕಂಡ ಉದ್ದಗಳಲ್ಲಿ ಅತಿ ಚಿಕ್ಕದನ್ನೇ ಬಳಸುವಂತೆ ತಿದ್ದಿಕೊಂಡರು. ಆದರೆ ಯಂತ್ರಭಾಷೆಯನ್ನು ಓಡುವಾಗಲೇ ಹುಟ್ಟಿಸುವ ಬೇರೆ ತಂತ್ರಾಂಶಗಳೂ ಇದ್ದವಲ್ಲ. ಪ್ರತಿಯೊಬ್ಬರೂ ಇದನ್ನು ಹೊಸದಾಗಿ ಕಂಡುಹಿಡಿಯಬೇಕೆ? ಅದೇ ವರ್ಷದ ಲಿನಕ್ಸ್ 4.9ರಲ್ಲಿ ಕರ್ನಲ್ ಈ ಹೊರೆಯನ್ನು ತಾನೇ ಹೊತ್ತಿತು. ಸಾಲಿನ ಅಳತೆ ಬೇರೆ ಬೇರೆ ಇರುವ ಚಿಪ್‌ನಲ್ಲಿ ಆ ಅಳತೆಯನ್ನು ಹೇಳುವ ರಿಜಿಸ್ಟರ್ ಓದುವ ಯತ್ನವನ್ನು ಕರ್ನಲ್ ನಡುವೆಯೇ ತಡೆದು, ಎಲ್ಲ ಕೋರ್‌ಗಳಿಗೂ ಅಪಾಯವಿಲ್ಲದ ಉತ್ತರವನ್ನು ತಾನು ಕೊಡುತ್ತದೆ. ಉತ್ತರ ಬರುವುದು ತುಸು ನಿಧಾನ, ಆದರೆ ಯಾವ ಕೋರ್ ಮೇಲೆ ಕೇಳಿದರೂ ಅದೇ ಉತ್ತರ.

ಇದಕ್ಕೆ ತಳಹದಿ ಹಿಂದಿನ ವರ್ಷವೇ ಸಿದ್ಧವಾಗಿತ್ತು. 2015ರ ಕೊನೆಯಲ್ಲಿ 64 ಬಿಟ್ ಆರ್ಮ್ ಲಿನಕ್ಸ್‌ಗೆ ‘ಇಡೀ ವ್ಯವಸ್ಥೆಗೆ ಸುರಕ್ಷಿತವಾದ ಮೌಲ್ಯ’ ಎಂಬ ಏರ್ಪಾಡು ಸೇರಿತ್ತು. ಬೂಟ್ ಆಗುವಾಗ ಪ್ರತಿ ಕೋರ್‌ನ ಗುರುತಿನ ರಿಜಿಸ್ಟರ್‌ಗಳನ್ನು ಓದಿ, ಪ್ರತಿ ಗುಣಕ್ಕೂ ಎಲ್ಲರೂ ನಿಭಾಯಿಸಬಲ್ಲ ಮಟ್ಟವನ್ನು ಗೊತ್ತುಮಾಡುವುದು. ತಂತ್ರಾಂಶಗಳಿಗೆ ಅದನ್ನಷ್ಟೇ ಹೇಳುವುದು. 2017ರ 4.11ರಿಂದ ಸಾಮಾನ್ಯ ತಂತ್ರಾಂಶ ಗುರುತಿನ ರಿಜಿಸ್ಟರ್ ಓದಲು ಹೋದರೆ ಅದನ್ನೂ ಹಿಡಿದು ಈ ಸೋಸಿದ ಉತ್ತರ ಕೊಡುವ ವ್ಯವಸ್ಥೆ ಬಂತು. ಎಸ್‌ವಿಇ ಎಂಬ ವೆಕ್ಟರ್ ಆದೇಶಗಳ ಅಗಲ ಕೋರ್‌ನಿಂದ ಕೋರ್‌ಗೆ ಬೇರೆ ಇದ್ದರೂ ಇದೇ ನ್ಯಾಯ: ಎಲ್ಲರಿಗೂ ಸಾಮಾನ್ಯವಾದ ಅಗಲಗಳಷ್ಟೇ ತಂತ್ರಾಂಶಕ್ಕೆ ಕಾಣುತ್ತವೆ. ಎಕ್ಸಿನೋಸ್ 9810ರ ಫೋನಿನಲ್ಲಿ ಅಟಾಮಿಕ್ ಬಗ್ಗೆ ಈ ನ್ಯಾಯ ಪಾಲನೆಯಾಗಿದ್ದರೆ ಗೋ ಬಳಗದವರಿಗೆ ತಲೆನೋವೇ ಇರುತ್ತಿರಲಿಲ್ಲ.

ಮದುವೆ ಮನೆಗೆ ಬಂದ ಎಂಟು ಅಡುಗೆಭಟ್ಟರಲ್ಲಿ ನಾಲ್ವರಿಗೆ ಮಾತ್ರ ಮೈಸೂರುಪಾಕ್ ಹದ ಗೊತ್ತಿದ್ದರೆ, ಆ ನಾಲ್ವರನ್ನೇ ಒಲೆಯ ಮುಂದೆ ಕೂರಿಸಿದರಾಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಯಾವ ಕೋರ್‌ಗೆ ಏನು ಬರುತ್ತದೆಂದು ತಂತ್ರಾಂಶಕ್ಕೆ ಬಿಡಿಸಿ ಹೇಳಿದರೆ ಏನು ತೊಂದರೆ? ತೊಂದರೆ ಇರುವುದು ಕಾಲದಲ್ಲಿ. ತಂತ್ರಾಂಶ ‘ನಾನೀಗ ಯಾವ ಕೋರ್ ಮೇಲಿದ್ದೇನೆ’ ಎಂದು ಕೇಳಿ, ಉತ್ತರ ಪಡೆದು, ಮುಂದಿನ ಆದೇಶಕ್ಕೆ ಕೈ ಹಾಕುವಷ್ಟರಲ್ಲಿ ಕರ್ನಲ್ ಅದನ್ನು ಎತ್ತಿ ಬೇರೆ ಕೋರ್ ಮೇಲೆ ಕೂರಿಸಿರಬಹುದು. ಉತ್ತರ ಕೇಳುವಾಗ ನಿಜ, ಬಳಸುವಾಗ ಸುಳ್ಳು. ಇಂಥ ಕೋರ್‌ಗಳ ಮೇಲಷ್ಟೇ ಓಡಿಸು ಎಂದು ತಂತ್ರಾಂಶವೇ ಕಟ್ಟು ಹಾಕಿಕೊಳ್ಳಬಹುದು, ನಿಜ. ಆದರೆ ಎಲ್ಲರೂ ಹಾಗೆ ಮಾಡತೊಡಗಿದರೆ ಬ್ಯಾಟರಿಯನ್ನೂ ಬಿಸಿಯನ್ನೂ ನೋಡಿ ಕೆಲಸ ಹಂಚುವ ಕರ್ನಲ್‌ಗೆ ಹಂಚಲು ಏನೂ ಉಳಿಯುವುದಿಲ್ಲ. ಮೇಲಾಗಿ ಲಿನಕ್ಸ್‌ನಲ್ಲಿ ತಂತ್ರಾಂಶಗಳಿಗೆ ಒಮ್ಮೆ ತೆರೆದ ಬಾಗಿಲನ್ನು ಮತ್ತೆ ಮುಚ್ಚುವಂತಿಲ್ಲ. ಹಳೆಯ ತಂತ್ರಾಂಶ ಮುರಿಯಬಾರದೆಂಬುದು ಅಲ್ಲಿನ ಕಟ್ಟಳೆ.

ಇನ್ನೊಂದು ದಾರಿಯೂ ಇತ್ತು, ಅದರ ಸುದ್ದಿ ಹೊರಬಿದ್ದದ್ದು ನಮ್ಮೂರಿನಲ್ಲೇ. 2010ರ ಜನವರಿಯಲ್ಲಿ ಕಂಪ್ಯೂಟರ್ ವಿನ್ಯಾಸದ ದೊಡ್ಡ ಸಮ್ಮೇಳನಗಳಲ್ಲಿ ಒಂದಾದ ಎಚ್‌ಪಿಸಿಎ ಬೆಂಗಳೂರಿನಲ್ಲಿ ನಡೆಯಿತು. ಅಲ್ಲಿ ಇಂಟೆಲ್ ಸಂಶೋಧಕರ ತಂಡವೊಂದು, ಭಾಗಶಃ ಮಾತ್ರ ಹೊಂದುವ ಆದೇಶಪಟ್ಟಿಗಳಿರುವ ಕೋರ್‌ಗಳನ್ನು ಆಪರೇಟಿಂಗ್ ಸಿಸ್ಟಮ್ ನಿಭಾಯಿಸುವ ಬಗೆಯ ಪ್ರಬಂಧ ಮಂಡಿಸಿತು. ಚಿಕ್ಕ ಕೋರ್ ತನಗೆ ಬಾರದ ಆದೇಶ ಸಿಕ್ಕಿ ಎಡವಿದಾಗ, ತಂತ್ರಾಂಶವನ್ನು ಕೊಲ್ಲುವ ಬದಲು ಅದನ್ನು ಬಲ್ಲ ಕೋರ್‌ಗೆ ವರ್ಗಾಯಿಸಿ ಮುಂದುವರಿಸು ಎಂಬುದು ಅವರ ಸಲಹೆ. ಕೇಳಲು ಚೊಕ್ಕ. ಆದರೆ ಇಂದಿನ ತಂತ್ರಾಂಶಗಳಲ್ಲಿ ಅಗಲವಾದ ವೆಕ್ಟರ್ ಆದೇಶಗಳು ಅಪರೂಪದ ಗಣಿತಕ್ಕಷ್ಟೇ ಸೀಮಿತವಲ್ಲ. ಅಕ್ಷರಗಳ ಸಾಲನ್ನು ನಕಲು ಮಾಡುವ ಮಾಮೂಲಿ ಫಂಕ್ಷನ್ ಕೂಡ, ಸಿಕ್ಕರೆ ಅವನ್ನೇ ಬಳಸುತ್ತದೆ. ಆಗ ಎಲ್ಲ ಕೆಲಸವೂ ಎಡವಿ ಎಡವಿ ದೊಡ್ಡ ಕೋರ್‌ಗಳ ಮೇಲೆ ಹೋಗಿ ಕೂರುತ್ತದೆ, ಚಿಕ್ಕವು ಖಾಲಿ.

ಈ ವಾದ ಹತ್ತು-ಹನ್ನೊಂದು ವರ್ಷದ ಬಳಿಕ ಇಂಟೆಲ್‌ನ ಕೊರಳಿಗೇ ಬಂತು. 2020ರ ಲೇಕ್‌ಫೀಲ್ಡ್ ಚಿಪ್‌ನಲ್ಲಿ ಒಂದು ದೊಡ್ಡ ಕೋರ್, ನಾಲ್ಕು ಚಿಕ್ಕವು. ಚಿಕ್ಕದಕ್ಕೆ ಎವಿಎಕ್ಸ್ ಬರುವುದಿಲ್ಲವೆಂದು ದೊಡ್ಡದರಲ್ಲೂ ಅದನ್ನು ಆರಿಸಿಟ್ಟರು. 2021ರ ನವೆಂಬರ್‌ನ ಆಲ್ಡರ್ ಲೇಕ್‌ನಲ್ಲಿ ದೊಡ್ಡ ಗೋಲ್ಡನ್ ಕೋವ್ ಕೋರ್‌ನ ಸಿಲಿಕಾನ್‌ನಲ್ಲಿ ಎವಿಎಕ್ಸ್-512 ಪೂರ್ತಿಯಾಗಿ ಇತ್ತು. ತಲಾ 64 ಬೈಟ್‌ನ 32 ರಿಜಿಸ್ಟರ್‌ಗಳ ಆ ವೈಭವ ಚಿಕ್ಕ ಗ್ರೇಸ್‌ಮಾಂಟ್ ಕೋರ್‌ನಲ್ಲಿ ಇರಲಿಲ್ಲ. ಇಂಟೆಲ್ ಅದನ್ನು ಅಧಿಕೃತವಾಗಿ ಬೆಂಬಲಿಸಲೇ ಇಲ್ಲ. ಚಿಕ್ಕ ಕೋರ್‌ಗಳನ್ನೆಲ್ಲ ಬಯಾಸ್‌ನಲ್ಲಿ ಆರಿಸಿದರೆ ಕೆಲವು ಬೋರ್ಡುಗಳಲ್ಲಿ ಎವಿಎಕ್ಸ್-512 ಸಿಗುತ್ತಿತ್ತು; 2022ರಲ್ಲಿ ಆ ಕಿಂಡಿಯೂ ಮುಚ್ಚಿತು, ಮುಂದೆ ಬಂದ ಚಿಪ್‌ಗಳಲ್ಲಿ ಕಾರ್ಖಾನೆಯಲ್ಲೇ ಅದನ್ನು ಕಡಿದುಹಾಕಿದರು. ದುಡ್ಡು ಸುರಿದು ಕೆತ್ತಿದ ಸಿಲಿಕಾನ್ ಕತ್ತಲಲ್ಲಿ ಉಳಿಯಿತು. ಇದನ್ನು ಹಲವರು ಮೂರ್ಖತನವೆಂದರು. ನಾನು ಹಾಗೆ ಅನ್ನಲಾರೆ. ಬೂಟ್ ಆದ ಯಂತ್ರದಲ್ಲಿ ಯಾವ ಕೋರ್ ಮೇಲೆ ಕೇಳಿದರೂ ಒಂದೇ ಉತ್ತರ ಸಿಗಬೇಕೆಂಬ ನಿಯಮವನ್ನು ಅವರು ನಷ್ಟ ಮಾಡಿಕೊಂಡಾದರೂ ಉಳಿಸಿದರು.

ಆದೇಶಪಟ್ಟಿ ಒಂದೇ ಮಾಡಿದರೂ ಪೂರ್ತಿ ಶಾಂತಿ ಸಿಗಲಿಲ್ಲ. ಆಲ್ಡರ್ ಲೇಕ್ ಬಿಡುಗಡೆಯಾದಾಗ ನಕಲು ತಡೆಯುವ ಬೀಗ ಹಾಕಿದ್ದ ಹತ್ತಾರು ಆಟಗಳು ಕೈಕೊಟ್ಟವು. ಕೋರ್‌ಗಳ ಗುರುತು ಬೇರೆ ಬೇರೆ ಕಂಡು ಆ ಬೀಗದ ತಂತ್ರಾಂಶ, ಆಟವನ್ನು ಇನ್ನೊಂದು ಕಂಪ್ಯೂಟರಿಗೆ ಸಾಗಿಸಿದ್ದಾರೆ ಎಂದು ತೀರ್ಮಾನಿಸಿತು. ಸ್ಕ್ರೋಲ್ ಲಾಕ್ ಕೀಲಿ ಒತ್ತಿ ಚಿಕ್ಕ ಕೋರ್‌ಗಳನ್ನು ಬದಿಗಿಡುವ ಏರ್ಪಾಡನ್ನು ಕೆಲವು ಬೋರ್ಡುಗಳಲ್ಲಿ ಕೊಡಬೇಕಾಯಿತು. ಲಿನಕ್ಸ್‌ನಲ್ಲಿ 2020ರ ಅಕ್ಟೋಬರ್‌ನಲ್ಲೇ ಇಂಟೆಲ್ ಎಂಜಿನಿಯರ್‌ಗಳು ಕೋರ್‌ಗಳ ಬಗೆಯನ್ನು ಒಂದು ಸಾಮಾನ್ಯ ಕಡತದ ಮೂಲಕ ತೋರಿಸುವ ಪ್ರಸ್ತಾಪ ಇಟ್ಟಿದ್ದರು. ಅದು ಆಗ ಒಳಗೆ ಬರಲಿಲ್ಲ. ಕೆಲಸದ ಅಳತೆ ಮಾಡುವ ‘ಪರ್ಫ್’ ಸಾಧನಕ್ಕೆಂದು ದೊಡ್ಡ ಮತ್ತು ಚಿಕ್ಕ ಕೋರ್‌ಗಳ ಬೇರೆ ಬೇರೆ ಪಟ್ಟಿ ಮಾತ್ರ 2021ರ 5.13ರಲ್ಲಿ ಸೇರಿತು.

ಹೀಗೆ ಬಿಗಿಯಾಗಿ ಹಿಡಿದ ನಿಯಮಕ್ಕೆ ಲಿನಕ್ಸ್ ಒಂದೇ ಒಂದು ದೊಡ್ಡ ವಿನಾಯಿತಿ ಕೊಟ್ಟದ್ದು ಅದೇ 2021ರಲ್ಲಿ. ಆರ್ಮ್ ಆ ಮೇ ತಿಂಗಳಲ್ಲಿ ಮೂರು ಹೊಸ ಕೋರ್ ಪ್ರಕಟಿಸಿತು: ಎಕ್ಸ್2, ಎ710, ಎ510. ಮೊದಲನೆಯದೂ ಕೊನೆಯದೂ ಆಗ 64 ಬಿಟ್ ತಂತ್ರಾಂಶವನ್ನಷ್ಟೇ ಓಡಿಸುತ್ತಿದ್ದವು. 32 ಬಿಟ್ ಆ್ಯಪ್‌ಗಳು ಚೀನಾದ ಮಾರುಕಟ್ಟೆಯಲ್ಲಿ ಇನ್ನೂ ಬಹಳ ಇದ್ದುದರಿಂದ ನಡುವಿನ ಎ710ರಲ್ಲಿ ಆ ಹಳೆಯ ವಿದ್ಯೆಯನ್ನು ಉಳಿಸಿದರು. ಅದೇ ಡಿಸೆಂಬರ್‌ನ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 1ರಲ್ಲಿ ಎಂಟು ಕೋರ್‌ಗಳ ಪೈಕಿ ಮೂರಕ್ಕೆ ಮಾತ್ರ 32 ಬಿಟ್ ಬರುತ್ತಿತ್ತು. ಎಲ್ಲರಿಗೂ ಬಾರದ್ದನ್ನು ಮರೆಮಾಡುವ ನಿಯಮ ಪಾಲಿಸಿದರೆ, ಹಳೆಯ ಆ್ಯಪ್‌ಗಳು ಹೊಸ ಫೋನಿನಲ್ಲಿ ತೆರೆಯುವುದೇ ಇಲ್ಲ.

ಇದಕ್ಕೆ ಪರಿಹಾರವಾಗಿ 2020ರ ಅಕ್ಟೋಬರ್‌ನಲ್ಲೇ ಎಂಜಿನಿಯರ್ ಕ್ವೈಸ್ ಯೂಸೆಫ್ ಮೊದಲ ಕರಡು ಮುಂದಿಟ್ಟಿದ್ದರು. 64 ಬಿಟ್ ಆರ್ಮ್ ಲಿನಕ್ಸ್‌ನ ನಿರ್ವಾಹಕರಲ್ಲಿ ಒಬ್ಬರಾದ ವಿಲ್ ಡೀಕನ್ ಅದನ್ನು ಕೈಗೆತ್ತಿಕೊಂಡು ತಿಂಗಳುಗಟ್ಟಲೆ ತಿದ್ದಿ, 2021ರ ಅಕ್ಟೋಬರ್ 31ರಂದು ಹೊರಬಂದ ಲಿನಕ್ಸ್ 5.15ಕ್ಕೆ ಸೇರಿಸಿದರು. ಅದರ ಕಟ್ಟುಪಾಡುಗಳನ್ನು ಗಮನಿಸಿ. ಬೂಟ್ ಆಗುವಾಗಲೇ ಬೇಕೆಂದು ಕೇಳದಿದ್ದರೆ ಈ ಸೌಲಭ್ಯ ಇಲ್ಲ. ಕೇಳದವರಿಗೆ ಹಳೆಯ ನಿಯಮವೇ. ಕೇಳಿದರೆ, 32 ಬಿಟ್ ತಂತ್ರಾಂಶ ಶುರುವಾಗುವ ಕ್ಷಣದಲ್ಲೇ ಕರ್ನಲ್ ಅದನ್ನು ಬಲ್ಲ ಕೋರ್‌ಗಳಿಗೆ ಕಟ್ಟಿಹಾಕುತ್ತದೆ. ಆ ಕೋರ್‌ಗಳು ಯಾವುವೆಂದು ತಿಳಿಸುವ ಒಂದು ಕಡತ ಉಂಟು. 32 ಬಿಟ್ ಬಲ್ಲ ಕೋರ್‌ಗಳನ್ನೆಲ್ಲ ಆರಿಸಲು ಬಿಡುವುದಿಲ್ಲ, ಒಂದಾದರೂ ಎಚ್ಚರವಾಗಿರಬೇಕು. ಇಷ್ಟಾದರೂ ತಂತ್ರಾಂಶ ತಪ್ಪಿ ಬೇರೆ ಕೋರ್‌ಗೆ ಹೋದರೆ ಅದಕ್ಕೆ ಸಾವು. ಕಾಲಮಿತಿಯ ಖಾತರಿ ಪಡೆದು ಓಡುವ ‘ಡೆಡ್‌ಲೈನ್’ ವರ್ಗದ ಕೆಲಸ 32 ಬಿಟ್ ತಂತ್ರಾಂಶವಾಗಿ ಮಾರ್ಪಡಲು ಹೋದರೆ ಕರ್ನಲ್ ಆರಂಭದಲ್ಲೇ ನಿರಾಕರಿಸಬಹುದು. ಕೋರ್‌ಗಳು ಕಡಿಮೆಯಾದರೆ ಕೊಟ್ಟ ಖಾತರಿ ನಡೆಯುವುದಿಲ್ಲವಲ್ಲ.

ಈ ವಿನಾಯಿತಿ ನಡೆದದ್ದಕ್ಕೆ ಕಾರಣವಿದೆ. ಒಂದು ತಂತ್ರಾಂಶ 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದು ಅದರ ಕಡತದ ತಲೆಬರಹದಲ್ಲೇ ಇರುತ್ತದೆ. ಓಡುವ ಮೊದಲೇ ಕರ್ನಲ್‌ಗೆ ಗೊತ್ತು, ನಡುದಾರಿಯಲ್ಲಿ ಬದಲಾಗುವುದಿಲ್ಲ, ತಂತ್ರಾಂಶ ಬರೆದವರು ಒಂದಕ್ಷರ ತಿದ್ದಬೇಕಿಲ್ಲ. ಅಟಾಮಿಕ್ ಅಥವಾ ಎವಿಎಕ್ಸ್ ಆದೇಶಗಳಿಗೆ ಇದಾವುದೂ ಹೊಂದದು. ಜತೆಗೆ ಈ ತೊಂದರೆಗೆ ಆಯುಸ್ಸೂ ಕಡಿಮೆ ಇತ್ತು. ಆ್ಯಪಲ್ 2017ರ ಐಒಎಸ್ 11ರಲ್ಲೇ 32 ಬಿಟ್ ಆ್ಯಪ್‌ಗಳನ್ನು ಕೈಬಿಟ್ಟಿತ್ತು. ಗೂಗಲ್ ಪ್ಲೇ 2019ರ ಆಗಸ್ಟ್‌ನಿಂದ 64 ಬಿಟ್ ಆವೃತ್ತಿ ಕಡ್ಡಾಯ ಮಾಡಿತು. 2022ರ ಪಿಕ್ಸೆಲ್ 7 ಬರೀ 64 ಬಿಟ್ ಆ್ಯಪ್‌ಗಳ ಫೋನು. 2023ರ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 3ರ ಹೊತ್ತಿಗೆ ಎಂಟು ಕೋರ್‌ಗಳಲ್ಲಿ ಯಾವುದರಲ್ಲೂ 32 ಬಿಟ್ ಉಳಿಯಲಿಲ್ಲ.

ಹಳೆಯ ಭಾರವಿಲ್ಲದ, ಯಾರು ಬೇಕಾದರೂ ಬಳಸಬಹುದಾದ ಹೊಸ ಆದೇಶಪಟ್ಟಿಯಾದ ರಿಸ್ಕ್-ಫೈವ್‌ನ ಲೋಕ ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಎದುರಿಸಿತು. 2018ರ ಹೈಫೈವ್ ಅನ್ಲೀಶ್ಡ್ ಬೋರ್ಡಿನ ಐದು ಕೋರ್‌ಗಳಲ್ಲಿ ಒಂದು ಚಿಕ್ಕದು, ದಶಮಾಂಶ ಗಣಿತ ಬಾರದ್ದು; ಲಿನಕ್ಸ್ ಅದನ್ನು ಬಳಸದೆ ಬಿಟ್ಟು ನಾಲ್ಕರಲ್ಲೇ ಓಡಿತು. ಆದರೆ ರಿಸ್ಕ್-ಫೈವ್‌ನಲ್ಲಿ ಆದೇಶಗಳು ಹತ್ತಾರು ಬಿಡಿ ಬಿಡಿ ಗುಂಪುಗಳಾಗಿ ಬರುವುದರಿಂದ ಎಚ್‌ಡಬ್ಲ್ಯುಕ್ಯಾಪ್‌ನಂಥ ಒಂದು ಸಂಖ್ಯೆಯ ಬಿಟ್‌ಗಳು ಸಾಲುವಂತಿರಲಿಲ್ಲ. 2023ರ ಲಿನಕ್ಸ್ 6.4ರಲ್ಲಿ ‘ಎಚ್‌ಡಬ್ಲ್ಯುಪ್ರೋಬ್’ ಎಂಬ ಹೊಸ ಕರ್ನಲ್ ಕರೆ ಬಂತು. ತಂತ್ರಾಂಶ ತನಗೆ ಬೇಕಾದ ಗುಣಗಳ ಹೆಸರಿನ ಜತೆಗೆ ಕೋರ್‌ಗಳ ಒಂದು ಗುಂಪನ್ನೂ ಕೊಟ್ಟು ಕೇಳಬಹುದು. ಆ ಗುಂಪಿನ ಎಲ್ಲರಿಗೂ ಅನ್ವಯಿಸುವ ಉತ್ತರವನ್ನು ಕರ್ನಲ್ ಹೇಳುತ್ತದೆ. ಆಮೇಲೆ ತಿರುವುಮುರುವಾದ ಪ್ರಶ್ನೆಗೂ ಅವಕಾಶವಾಯಿತು: ಈ ಗುಣಗಳಿರುವ ಕೋರ್‌ಗಳು ಯಾವುವು? ಗುಂಪು ಹೆಸರಿಸದೆ ಕೇಳಿದರೆ ಮಾತ್ರ ಉತ್ತರ ಇಡೀ ಯಂತ್ರಕ್ಕೆ. ತನ್ನನ್ನು ಕಟ್ಟಿಕೊಳ್ಳಲು ಸಿದ್ಧವಿರುವವರಿಗೆ ವಿವರ, ಉಳಿದವರಿಗೆ ಸುರಕ್ಷಿತ ಮಾತು. ಇಷ್ಟು ದಿನದ ಪೆಟ್ಟುಗಳಿಂದ ಕಲಿತು ಕಟ್ಟಿದ ಏರ್ಪಾಡು ಇದು, ಈವರೆಗಿನ ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು ಎಂಬುದು ನನ್ನ ಅಭಿಪ್ರಾಯ.

ಚಿಪ್ ತಯಾರಕರು ಅಷ್ಟರಲ್ಲಿ ತಮ್ಮದೇ ತೀರ್ಮಾನಕ್ಕೆ ಬಂದಿದ್ದರು. ಎಎಂಡಿ 2023ರಲ್ಲಿ ಚಿಕ್ಕ ಕೋರ್ ತಂದಾಗ ಹೊಸ ವಿನ್ಯಾಸಕ್ಕೆ ಹೋಗದೆ ಝೆನ್ 4ನ್ನೇ ಕಡಿಮೆ ಜಾಗಕ್ಕೆ ಹೊಂದಿಸಿ ಝೆನ್ 4ಸಿ ಮಾಡಿತು. ಎವಿಎಕ್ಸ್-512 ಎರಡರಲ್ಲೂ ಇದೆ. ಇಂಟೆಲ್ 2023ರ ಜುಲೈನಲ್ಲಿ ಪ್ರಕಟಿಸಿದ ಎವಿಎಕ್ಸ್10ರಲ್ಲಿ ಚಿಕ್ಕ ಕೋರ್‌ಗಳಿಗೆ 256 ಬಿಟ್ ಅಗಲ ಸಾಕು ಎಂಬ ರಿಯಾಯಿತಿ ಇತ್ತು. 2025ರಲ್ಲಿ ಆ ರಿಯಾಯಿತಿಯನ್ನು ತೆಗೆದುಹಾಕಿ, ಎವಿಎಕ್ಸ್10.2 ಬಲ್ಲ ಪ್ರತಿ ಕೋರ್‌ಗೂ, ದೊಡ್ಡದಿರಲಿ ಚಿಕ್ಕದಿರಲಿ, 512 ಬಿಟ್ ಕಡ್ಡಾಯವೆಂದು ನಿಯಮ ಬರೆಯಿತು.